ತಪ್ಪು ಉತ್ತರದ ಪಾಠ

ತರ್ಕಬುದ್ಧಿಯು ಹುಟ್ಟಿನೊಡನೆ ಬರತಕ್ಕುದೋ ಅಭ್ಯಾಸದಿಂದ ಬರತಕ್ಕುದೋ ಎಂಬುದು ಬಹುಕಾಲದಿಂದ ನಡೆದುಬಂದಿರುವ ವಾದ. ಪಂಡಿತರು ಬೇಕಾದಷ್ಟು ಕಾಲ ಇದನ್ನು ಚರ್ಚಿಸಬಹುದು. ಪರೀಕ್ಷೆಯ ಬಾಗಿಲಲ್ಲಿ ನಿಂತಿರುವ ವಿದ್ಯಾರ್ಥಿಗೆ ಮಾತ್ರ ಅಷ್ಟು ಬಿಡುವಿಲ್ಲ.

ನನ್ನ ಭೌತಶಾಸ್ತ್ರದ ತರಗತಿಯಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಕಾನೂನು ವ್ಯಾಸಂಗಕ್ಕೆ ಸೇರಬೇಕೆಂದು ಬಯಸಿ ಪ್ರವೇಶ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. ದಿನಕ್ಕೆ ೪೦ ತರ್ಕಪ್ರಶ್ನೆಗಳಂತೆ ನಾಲ್ಕು ತಿಂಗಳು ಬಿಡದೆ ಬಿಡಿಸಿದ್ದಳು. ಮೊದಲ ತಿಂಗಳಲ್ಲಿ ೨೫ ಪ್ರಶ್ನೆಗಳಿಗೆ ೧೩ ಸರಿಯಾಗುತ್ತಿದ್ದುವು. ನಾಲ್ಕನೆಯ ತಿಂಗಳಲ್ಲಿಯೂ ೧೩. "ನನ್ನ ತಲೆಗೆ ತರ್ಕ ಹತ್ತುವುದಿಲ್ಲ, ಸರ್, ಅದು ಹುಟ್ಟಿನಿಂದಲೇ ಬರಬೇಕೆಂದು ತೋರುತ್ತದೆ" ಎಂದಳು. ತಪ್ಪಿದ ಪ್ರಶ್ನೆಗಳನ್ನು ತೋರಿಸೆಂದು ಕೇಳಿದೆ. ಅವು ಅವಳ ಬಳಿ ಇರಲಿಲ್ಲ. ಪ್ರತಿದಿನದ ಅಂಕಗಳ ಪಟ್ಟಿಯನ್ನು ಮಾತ್ರ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಳು.

ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಗಳನ್ನು ಎಣಿಸಿ, ಗುರುತ್ವ ವೇಗೋತ್ಕರ್ಷದ ಬೆಲೆ ತಪ್ಪಾಗಿ ಬಂದಾಗ, ಅಳತೆಗಳ ಹಾಳೆಯನ್ನು ಹರಿದುಹಾಕಿ ಕೊನೆಯ ಬೆಲೆಯನ್ನು ಮಾತ್ರ ಇಟ್ಟುಕೊಳ್ಳುವ ವಿದ್ಯಾರ್ಥಿಗೆ ನಾವು ಏನು ಹೇಳುತ್ತೇವೆ? ದೋಷವು ಎಲ್ಲಿ ನುಸುಳಿತೆಂಬುದನ್ನು ತಿಳಿಸಬಲ್ಲ ಏಕೈಕ ಸಾಕ್ಷ್ಯವನ್ನೇ ನಾಶಮಾಡಿದೆಯಲ್ಲಪ್ಪಾ ಎನ್ನುತ್ತೇವೆ. ಈಕೆ ಮಾಡಿದ್ದೂ ಅದನ್ನೇ. ಆದುದರಿಂದ ಈ ಲೇಖನದಲ್ಲಿ ನಾನು ಪ್ರತಿಪಾದಿಸಬಯಸುವ ಮಾತು ಇಷ್ಟೆ: ತರ್ಕಪ್ರಶ್ನೆಗಳಲ್ಲಿ ಮುನ್ನಡೆಯು ಬಿಡಿಸಿದ ಪ್ರಶ್ನೆಗಳ ಸಂಖ್ಯೆಯಿಂದ ಬರುವುದಲ್ಲ, ತಪ್ಪಿದ ಪ್ರಶ್ನೆಗಳ ಪರಿಶೋಧನೆಯಿಂದ ಬರುವುದು.

ಪರೀಕ್ಷೆಯ ಸ್ವರೂಪ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಕಾನೂನು ವಿದ್ಯಾಲಯಗಳನ್ನು ಸೇರಬಯಸುವವರಲ್ಲಿ ಹೆಚ್ಚಿನವರು ಎಲ್‌ಸ್ಯಾಟ್ ಎಂಬ ಪರೀಕ್ಷೆಯನ್ನು ಬರೆಯುತ್ತಾರೆ. ಇದು ಮೊದಲು ನಡೆದದ್ದು ೧೯೪೮ರಲ್ಲಿ. ಇದರ ಅಂಕಗಳು ೧೨೦ರಿಂದ ೧೮೦ರವರೆಗೆ ಇರುತ್ತವೆ. ಕಾನೂನಿನ ಒಂದು ವಿಧಿಯೂ ಇದರಲ್ಲಿ ಬರುವುದಿಲ್ಲ. ವಾದವೊಂದನ್ನು ಓದಿ ಅದು ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಹೇಳಬಲ್ಲ ಶಕ್ತಿಯನ್ನು ಅಳೆಯುವುದೇ ಇದರ ಉದ್ದೇಶ. ತರ್ಕಭಾಗದಲ್ಲಿ ೩೫ ನಿಮಿಷಗಳಿಗೆ ಸುಮಾರು ೨೫ ಪ್ರಶ್ನೆಗಳು. ಎಂದರೆ ಒಂದೊಂದಕ್ಕೆ ಒಂದೂವರೆ ನಿಮಿಷಕ್ಕೂ ಕಡಿಮೆ. ಪ್ರತಿ ಪ್ರಶ್ನೆಗೆ ಐದು ಆಯ್ಕೆಗಳು.

ಹಿಂದೆ ಇದರಲ್ಲಿ ಇನ್ನೊಂದು ಭಾಗವೂ ಇತ್ತು. ಏಳು ಮಂದಿಯನ್ನು ಏಳು ಕುರ್ಚಿಗಳಲ್ಲಿ ಕೆಲವು ನಿಯಮಗಳಿಗೆ ಅನುಸಾರವಾಗಿ ಕೂರಿಸುವಂತಹ ಒಗಟುಗಳು ಅವು. ಅವನ್ನು ಬಿಡಿಸುವವರು ಸಾಮಾನ್ಯವಾಗಿ ಕಾಗದದ ಮೇಲೆ ಚಿತ್ರ ಬರೆದುಕೊಳ್ಳುತ್ತಿದ್ದರು. ಕಣ್ಣು ಕಾಣದವರು ಚಿತ್ರ ಬರೆಯುವುದೆಂತು? ಅಂಧ ಅಭ್ಯರ್ಥಿಗಳು ಹೂಡಿದ ವ್ಯಾಜ್ಯವು ೨೦೧೯ರಲ್ಲಿ ರಾಜಿಯಾಯಿತು. ೨೦೨೪ರ ಆಗಸ್ಟಿನಿಂದ ಆ ಒಗಟುಗಳನ್ನು ಕೈಬಿಟ್ಟು ಅವುಗಳ ಸ್ಥಾನದಲ್ಲಿ ತರ್ಕಭಾಗವನ್ನೇ ಎರಡು ಪಾಲು ಮಾಡಿದರು. ಹೀಗಾಗಿ ವಾದಪರೀಕ್ಷಣೆಯು ಆ ಪರೀಕ್ಷೆಯ ಮುಖ್ಯ ಅಂಗವೇ ಆಗಿದೆ.

ನಮ್ಮ ದೇಶದ ಕ್ಲ್ಯಾಟ್ ಪರೀಕ್ಷೆಯೂ ಇದೇ ದಾರಿಯಲ್ಲಿ ನಡೆದಿದೆ. ೧೯೮೮ರಲ್ಲಿ ಪಾಠ ಪ್ರಾರಂಭಿಸಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮೊದಲುಗೊಂಡು ಹಲವು ವಿಶ್ವವಿದ್ಯಾಲಯಗಳಿಗೆ ೨೦೦೮ರಿಂದ ಈ ಒಂದೇ ಪರೀಕ್ಷೆಯ ಮೂಲಕ ಪ್ರವೇಶ ದೊರೆಯುತ್ತದೆ. ೨೦೨೦ರಿಂದ ಇದರ ರೀತಿ ಬದಲಾಗಿದೆ: ಬಿಡಿ ಒಗಟುಗಳು ಹಿಂದೆ ಸರಿದು, ಉದ್ದನೆಯ ಗದ್ಯಭಾಗವನ್ನು ಕೊಟ್ಟು ಅದರೊಳಗಿನ ವಾದವನ್ನು ಕುರಿತು ಕೇಳುವ ಪದ್ಧತಿ ಬಂದಿದೆ. ಎರಡು ಗಂಟೆಗಳಲ್ಲಿ ೧೨೦ ಪ್ರಶ್ನೆಗಳು. ಅವುಗಳಲ್ಲಿ ಸುಮಾರು ಐದನೆಯ ಒಂದು ಭಾಗ ತರ್ಕಕ್ಕೆ ಸೇರಿದ್ದು. ಎಲ್‌ಸ್ಯಾಟಿನಲ್ಲಿ ತಪ್ಪು ಉತ್ತರಕ್ಕೆ ದಂಡವಿಲ್ಲ. ಕ್ಲ್ಯಾಟಿನಲ್ಲಿ ಕಾಲು ಅಂಕ ಕಳೆಯುತ್ತಾರೆ. ಇಂತಹ ವ್ಯತ್ಯಾಸಗಳಿದ್ದರೂ ಎರಡೂ ಪರೀಕ್ಷೆಗಳು ಬಯಸುವ ಮನೋವ್ಯಾಪಾರ ಒಂದೇ.

ನಾಲ್ಕು ಚೀಟಿಗಳು

ಆ ಮನೋವ್ಯಾಪಾರವು ಎಷ್ಟು ಕಷ್ಟದ್ದೆಂಬುದನ್ನು ವಾಚಕರು ತಾವೇ ಪರೀಕ್ಷಿಸಿಕೊಳ್ಳಬಹುದು. ಮೇಜಿನ ಮೇಲೆ ನಾಲ್ಕು ಚೀಟಿಗಳಿವೆ. ಪ್ರತಿ ಚೀಟಿಯ ಒಂದು ಮುಖದಲ್ಲಿ ಅಕ್ಷರ, ಇನ್ನೊಂದು ಮುಖದಲ್ಲಿ ಅಂಕಿ. ನಿಮಗೆ ಕಾಣುತ್ತಿರುವ ಮುಖಗಳು: ಅ, ಕ, ೪, ೭. "ಒಂದು ಮುಖದಲ್ಲಿ ಸ್ವರವಿದ್ದರೆ ಇನ್ನೊಂದು ಮುಖದಲ್ಲಿ ಸಮಸಂಖ್ಯೆ ಇರುತ್ತದೆ" ಎಂಬುದು ಹೇಳಿಕೆ. ಈ ಹೇಳಿಕೆ ನಿಜವೋ ಸುಳ್ಳೋ ಎಂದು ನಿರ್ಧರಿಸಲು ಯಾವ ಯಾವ ಚೀಟಿಗಳನ್ನು ತಿರುಗಿಸಿ ನೋಡಲೇಬೇಕು?

ಮುಂದೆ ಓದುವ ಮೊದಲು ಉತ್ತರವನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಳ್ಳಿ. ಬಹು ಮಂದಿ 'ಅ' ಮತ್ತು '೪' ಎನ್ನುತ್ತಾರೆ. ಅದು ಸರಿಯಲ್ಲ. '೪'ರ ಹಿಂದೆ ವ್ಯಂಜನವಿದ್ದರೂ ಹೇಳಿಕೆಗೆ ಬಾಧಕವಿಲ್ಲ. ಸಮಸಂಖ್ಯೆಯಿದ್ದಲ್ಲೆಲ್ಲ ಸ್ವರವಿರಬೇಕೆಂದು ಯಾರೂ ಹೇಳಿಲ್ಲವಷ್ಟೆ. ಆದರೆ '೭'ರ ಹಿಂದೆ ಸ್ವರವಿದ್ದರೆ ಹೇಳಿಕೆ ಮುರಿದು ಬೀಳುತ್ತದೆ. ಆದುದರಿಂದ ತಿರುಗಿಸಬೇಕಾದವು 'ಅ' ಮತ್ತು '೭'. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ ೧೯೬೬ರಲ್ಲಿ ಪ್ರಕಟಿಸಿದ ಸಮಸ್ಯೆಯಿದು. ವಿದ್ಯಾವಂತರಲ್ಲಿಯೂ ಇದಕ್ಕೆ ಸರಿಯಾದ ಉತ್ತರ ಕೊಡುವವರು ಬಹು ಸ್ವಲ್ಪ ಮಂದಿ. ನೀವು ತಪ್ಪಿದ್ದರೆ ನಾಚಬೇಕಾದುದಿಲ್ಲ. ನಾನೂ ಮೊದಲು ತಪ್ಪಿದ್ದೆ.

ಇದನ್ನೇ ಸ್ವಲ್ಪ ಬೇರೆ ವೇಷದಲ್ಲಿ ಕೊಟ್ಟಾಗ ಏನಾಗುತ್ತದೆ ಎಂಬುದು ಸ್ವಾರಸ್ಯವಾದ ವಿಷಯ. ಮದ್ಯದಂಗಡಿಯಲ್ಲಿ ನಾಲ್ವರು ಕುಳಿತಿದ್ದಾರೆ. ಒಬ್ಬನು ಮದ್ಯ ಕುಡಿಯುತ್ತಿದ್ದಾನೆ, ಇನ್ನೊಬ್ಬನು ಪಾನಕ. ಇವರ ವಯಸ್ಸು ತಿಳಿಯದು. ಮೂರನೆಯವನು ನಡುವಯಸ್ಕ, ನಾಲ್ಕನೆಯವನು ಹದಿನಾರರ ಹುಡುಗ. ಇವರ ಲೋಟದಲ್ಲಿ ಏನಿದೆಯೆಂದು ತಿಳಿಯದು. ಮದ್ಯ ಕುಡಿಯುವವನು ಪ್ರಾಪ್ತವಯಸ್ಕನಾಗಿರಬೇಕೆಂಬ ನಿಯಮವನ್ನು ನೋಡಿಕೊಳ್ಳುವ ಅಧಿಕಾರಿ ಯಾರನ್ನು ವಿಚಾರಿಸಬೇಕು? ಮದ್ಯ ಕುಡಿಯುವವನನ್ನು ಮತ್ತು ಹುಡುಗನನ್ನು ಎಂದು ಒಡನೆಯೇ ಹೇಳಿಬಿಡುತ್ತೇವೆ. ೧೯೮೨ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬಿಬ್ಬರು ಇಂತಹುದೇ ಪ್ರಶ್ನೆಯನ್ನು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟಾಗ ಹೆಚ್ಚಿನವರು ಸರಿಯಾಗಿ ಉತ್ತರಿಸಿದರು. ಚೀಟಿಗಳ ಸಮಸ್ಯೆಗೂ ಇದಕ್ಕೂ ತರ್ಕದಲ್ಲಿ ಎಳ್ಳಷ್ಟೂ ಭೇದವಿಲ್ಲ.

ಇದರಿಂದ ಹೊರಡುವ ಅರ್ಥವೇನು? ತರ್ಕವು ನಮ್ಮಲ್ಲಿ ಇಲ್ಲದೆಯೇ ಇರುವುದಲ್ಲ. ಪರಿಚಿತವಾದ ಕಡೆ ಕೆಲಸ ಮಾಡುವುದು ಅಪರಿಚಿತವಾದ ಕಡೆ ಕೆಲಸ ಮಾಡದೆ ನಿಲ್ಲುತ್ತದೆ. "ನನ್ನ ತಲೆಯಲ್ಲಿ ತರ್ಕವಿಲ್ಲ" ಎಂಬ ಮಾತು ಆದುದರಿಂದ ಸುಳ್ಳು. ಇರುವ ಶಕ್ತಿಯನ್ನು ಪರಿಚಿತ ಸ್ಥಳದಿಂದ ಅಪರಿಚಿತ ಸ್ಥಳಕ್ಕೆ ಒಯ್ಯುವುದು ಹೇಗೆಂಬುದೇ ನಿಜವಾದ ಪ್ರಶ್ನೆ.

ನಿಯಮವೂ ಉದಾಹರಣೆಯೂ

ತರ್ಕಶಾಸ್ತ್ರದ ನಿಯಮಗಳನ್ನು ಕಲಿಸಿಬಿಟ್ಟರೆ ಸಾಕೆಂದು ಮೊದಲ ನೋಟಕ್ಕೆ ತೋರುತ್ತದೆ. ೧೯೮೬ರಲ್ಲಿ ಚೆಂಗ್, ಹೋಲಿಯೋಕ್, ನಿಸ್ಬೆಟ್ ಮತ್ತು ಆಲಿವರ್ ಎಂಬ ನಾಲ್ವರು ಇದನ್ನು ಪ್ರಯೋಗಕ್ಕೆ ಒಡ್ಡಿದರು. ನಿಯಮಗಳನ್ನು ಮಾತ್ರ ಕಲಿತವರಿಗೆ ಚೀಟಿಯಂತಹ ಸಮಸ್ಯೆಗಳಲ್ಲಿ ಹೆಚ್ಚು ಪ್ರಯೋಜನವಾಗಲಿಲ್ಲ. ಉದಾಹರಣೆಗಳನ್ನು ಮಾತ್ರ ಬಿಡಿಸಿದವರಿಗೂ ಆಗಲಿಲ್ಲ. ನಿಯಮವನ್ನೂ ಉದಾಹರಣೆಯನ್ನೂ ಜೊತೆಗೂಡಿಸಿ ಕಲಿತವರು ಮಾತ್ರ ಮುಂದುವರಿದರು. ದಿನಕ್ಕೆ ೪೦ ಪ್ರಶ್ನೆಗಳನ್ನು ಬಿಡಿಸಿಯೂ ನಿಂತಲ್ಲಿಯೇ ನಿಂತ ನನ್ನ ವಿದ್ಯಾರ್ಥಿನಿಯ ಸ್ಥಿತಿಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕೆ?

ಎರಡು ವರ್ಷಗಳ ಮೇಲೆ, ೧೯೮೮ರಲ್ಲಿ, ಲೇಮನ್, ಲೆಂಪರ್ಟ್ ಮತ್ತು ನಿಸ್ಬೆಟ್ ಇನ್ನೊಂದು ಪರಿಶೋಧನೆಯನ್ನು ಪ್ರಕಟಿಸಿದರು. ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದ ವಿದ್ಯಾರ್ಥಿಗಳ ವಿಚಾರಶಕ್ತಿಯು ವ್ಯಾಸಂಗದಿಂದ ಎಷ್ಟು ಬದಲಾಗುತ್ತದೆ ಎಂಬುದು ಅವರ ಪ್ರಶ್ನೆ. 'ಇದ್ದರೆ' ಎಂಬ ನಿಬಂಧನೆಯನ್ನೊಳಗೊಂಡ ಪ್ರಶ್ನೆಗಳಲ್ಲಿ ಕಾನೂನು, ವೈದ್ಯ ಮತ್ತು ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಮುನ್ನಡೆದರು. ರಸಾಯನಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಮುನ್ನಡೆ ಕಾಣಲಿಲ್ಲ! ನಮ್ಮ ನೆರೆಮನೆಯ ಶಾಸ್ತ್ರಕ್ಕೆ ಹೀಗಾದುದನ್ನು ಓದಿದಾಗ ಭೌತಶಾಸ್ತ್ರದ ಅಧ್ಯಾಪಕನಾದ ನಾನು ಒಳಗೊಳಗೇ ಅಳುಕಿದೆನೆಂದು ಒಪ್ಪಿಕೊಳ್ಳುತ್ತೇನೆ. ವಿಜ್ಞಾನವನ್ನು ಓದಿದ ಮಾತ್ರದಿಂದ ದೈನಂದಿನ ವಿಷಯಗಳಲ್ಲಿ ತರ್ಕಬುದ್ಧಿ ತಾನಾಗಿಯೇ ಬರುತ್ತದೆ ಎಂಬ ನಮ್ಮ ಹೆಮ್ಮೆಗೆ ಆಧಾರ ಸಾಲದು. ವಕೀಲನಾಗತಕ್ಕವನು 'ಇಂಥದು ನಡೆದರೆ ಇಂಥ ಹೊಣೆ' ಎಂಬ ರೂಪದಲ್ಲಿ ದಿನವೂ ವಾದಿಸುತ್ತಾನೆ. ವೈದ್ಯನಾಗತಕ್ಕವನು 'ಈ ಲಕ್ಷಣಕ್ಕೆ ಬೇರೆ ಕಾರಣವಿರಬಹುದೆ?' ಎಂದು ದಿನವೂ ಕೇಳಿಕೊಳ್ಳುತ್ತಾನೆ. ಅಲ್ಲಿ ನಿಯಮವೂ ಸಂಗತಿಯೂ ಬೇರ್ಪಡದೆ ಜೊತೆಯಾಗಿಯೇ ಬರುತ್ತವೆ.

ಅಭ್ಯಾಸದ ಗುರುತು ಮಿದುಳಿನಲ್ಲಿಯೂ ಕಾಣುವುದುಂಟು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಮ್ಯಾಕಿ, ವಿಟೇಕರ್ ಮತ್ತು ಬಂಜ್ ಅವರು ಎಲ್‌ಸ್ಯಾಟಿಗಾಗಿ ಮೂರು ತಿಂಗಳಲ್ಲಿ ಸುಮಾರು ೧೦೦ ಗಂಟೆಗಳ ಶಿಕ್ಷಣ ಪಡೆದ ತರುಣರ ಮಿದುಳುಗಳನ್ನು ಮೊದಲೊಮ್ಮೆ ಕೊನೆಗೊಮ್ಮೆ ಪರೀಕ್ಷಿಸಿ, ಶಿಕ್ಷಣ ಪಡೆಯದವರೊಡನೆ ಹೋಲಿಸಿ, ೨೦೧೨ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನರತಂತುಗಳ ಉದ್ದಕ್ಕೆ ನೀರಿನ ಅಣುಗಳು ಸುಲಭವಾಗಿ ಚಲಿಸುತ್ತವೆ. ಅಡ್ಡಲಾಗಿ ಅಷ್ಟು ಸುಲಭವಾಗಿ ಚಲಿಸಲಾರವು. ಕಾಂತಕ್ಷೇತ್ರದ ಯಂತ್ರದಿಂದ ಈ ಚಲನೆಯ ವ್ಯತ್ಯಾಸವನ್ನು ಅಳೆದು ತಂತುಗಳ ರಚನೆಯನ್ನು ಊಹಿಸುತ್ತಾರೆ. ಶಿಕ್ಷಣ ಪಡೆದವರಲ್ಲಿ ಮುಮ್ಮಿದುಳಿನ ಎಡಬಲ ಭಾಗಗಳನ್ನೂ, ಮುಮ್ಮಿದುಳನ್ನು ಅದರ ಹಿಂದಣ ಪಾರ್ಶ್ವಭಾಗದೊಡನೆಯೂ ಜೋಡಿಸುವ ತಂತುಗಳಲ್ಲಿ ಮಾರ್ಪಾಡು ಕಂಡಿತು. ಪರೀಕ್ಷೆಗೆ ಒಳಗಾದವರ ಸಂಖ್ಯೆ ಸಣ್ಣದು. ತಂತು ಬದಲಾದವನು ಜೀವನದಲ್ಲಿಯೂ ವಿವೇಕಿಯಾದನೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ತಾರುಣ್ಯದಲ್ಲಿ ಮಿದುಳು ಶಿಲೆಯಂತೆ ಗಟ್ಟಿಯಾಗಿ ನಿಂತುಬಿಡುವುದಿಲ್ಲ ಎಂಬಷ್ಟನ್ನಾದರೂ ಇದು ತೋರಿಸುತ್ತದೆ.

ಒಂದು ಪ್ರಶ್ನೆಯ ಶವಪರೀಕ್ಷೆ

ಇನ್ನು ಕಾರ್ಯಕ್ರಮಕ್ಕೆ ಬರೋಣ. ಈ ಪರೀಕ್ಷೆಗಳ ಮಾದರಿಯಲ್ಲಿ ನಾನೇ ರಚಿಸಿದ ಒಂದು ಪ್ರಶ್ನೆ ಇಲ್ಲಿದೆ.

"ಒಂದು ಪಟ್ಟಣದ ಪುರಸಭೆಯು ಬೀದಿದೀಪಗಳನ್ನು ಹೆಚ್ಚು ಪ್ರಕಾಶಮಾನವಾಗಿ ಮಾಡಿತು. ಮುಂದಿನ ವರ್ಷ ಪೊಲೀಸರಲ್ಲಿ ದಾಖಲಾದ ರಾತ್ರಿಯ ಕಳವುಗಳು ಹಿಂದಿನ ವರ್ಷಕ್ಕಿಂತ ಹೆಚ್ಚಾದುವು. ಆದುದರಿಂದ ಪ್ರಕಾಶಮಾನವಾದ ದೀಪಗಳು ಕಳ್ಳರಿಗೆ ಸಹಾಯವಾದುವು." ಈ ವಾದವನ್ನು ಅತ್ಯಂತ ದುರ್ಬಲಗೊಳಿಸುವ ಸಂಗತಿ ಯಾವುದು?

(ಅ) ಹೊಸ ದೀಪಗಳಿಗೆ ಅಂದಾಜಿಗಿಂತ ಹೆಚ್ಚು ವೆಚ್ಚವಾಯಿತು.
(ಆ) ರಾತ್ರಿಯ ಕಳವುಗಳಲ್ಲಿ ಹೆಚ್ಚಿನವು ನಡುರಾತ್ರಿಯ ಅನಂತರ ನಡೆಯುತ್ತವೆ.
(ಇ) ದೂರು ಕೊಡಲು ಬಹುದೂರ ಹೋಗಬೇಕಾಗಿದ್ದ ಆ ಪಟ್ಟಣದಲ್ಲಿ, ಅದೇ ವರ್ಷ ಪೊಲೀಸ್ ಠಾಣೆ ತೆರೆಯಿತು.
(ಈ) ಬೇರೆ ಪಟ್ಟಣಗಳೂ ಅಂತಹ ದೀಪಗಳನ್ನು ಹಾಕಿಸಲು ಯೋಚಿಸುತ್ತಿವೆ.
(ಉ) ಅದೇ ಅವಧಿಯಲ್ಲಿ ದಾಖಲಾದ ಹಗಲಿನ ಕಳವುಗಳು ಹೆಚ್ಚಲಿಲ್ಲ.

ಸರಿಯಾದ ಉತ್ತರ (ಇ). ಆದರೆ ಅದನ್ನು ತಿಳಿದ ಮಾತ್ರದಿಂದ ಬಂದ ಲಾಭ ಅತ್ಯಲ್ಪ. ಇಲ್ಲಿಂದ ಮುಂದೆ ನಡೆಯಬೇಕಾದುದೇ ಅಭ್ಯಾಸ. ಮೊದಲು ನಿಗಮನವನ್ನು ಬೇರ್ಪಡಿಸಿ: ದೀಪಗಳು ಕಳ್ಳರಿಗೆ ಸಹಾಯವಾದುವು. ಬಳಿಕ ಆಧಾರವನ್ನು: ದಾಖಲಾದ ಕಳವುಗಳು ಹೆಚ್ಚಾದುವು. ಇವೆರಡರ ನಡುವಣ ಬಿರುಕೆಲ್ಲಿದೆ? 'ದಾಖಲಾದ' ಎಂಬ ಮಾತಿನಲ್ಲಿದೆ. ದಾಖಲಾದುದು ಹೆಚ್ಚಿದರೆ ನಡೆದುದೂ ಹೆಚ್ಚಿತೆಂದು ವಾದಿಯು ಸದ್ದಿಲ್ಲದೆ ಗೃಹೀತ ಹಿಡಿದಿದ್ದಾನೆ. ಠಾಣೆ ಹತ್ತಿರವಾದುದರಿಂದ ಹಿಂದೆ ದೂರು ಕೊಡದಿದ್ದವರೂ ಈಗ ಕೊಟ್ಟಿರಬಹುದು. ಆ ಬಿರುಕನ್ನು ಮೊದಲೇ ಕಂಡವನಿಗೆ ಐದು ಆಯ್ಕೆಗಳಲ್ಲಿ ಅಲೆಯಬೇಕಾದ ಪ್ರಮೇಯವಿಲ್ಲ.

(ಉ)ವನ್ನು ಆರಿಸಿದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು: ಇದು ನನ್ನನ್ನು ಸೆಳೆದುದೇಕೆ? ಹಗಲಿನ ಕಳವು ಹೆಚ್ಚದೆ ರಾತ್ರಿಯದು ಮಾತ್ರ ಹೆಚ್ಚಿದ್ದರೆ, ರಾತ್ರಿಗೆ ಮಾತ್ರ ಸಂಬಂಧಿಸಿದ ಕಾರಣವನ್ನೇ ಸಂದೇಹಿಸಬೇಕಾಗುತ್ತದೆ. ಆದುದರಿಂದ ಅದು ವಾದವನ್ನು ಬಲಪಡಿಸುವ ಸಂಗತಿ. ವಿಷಯಕ್ಕೆ ಸಂಬಂಧವಿದೆಯೆಂಬುದನ್ನು ಗಮನಿಸಿ, ದಿಕ್ಕನ್ನು ಗಮನಿಸದೆ ಹೋದುದು ಇಲ್ಲಿಯ ತಪ್ಪು. ಸದಿಶದ ಪರಿಮಾಣವನ್ನು ಸರಿಯಾಗಿ ಬರೆದು ಬಾಣದ ತುದಿಯನ್ನು ತಿರುವುಮುರುವಾಗಿಸಿದಂತೆ!

ಹೊಗೆಯೂ ಬೆಂಕಿಯೂ

ತಪ್ಪುಗಳನ್ನು ಹೀಗೆ ಶೋಧಿಸುತ್ತ ಹೋದರೆ ಅವು ಅಸಂಖ್ಯಾತವಲ್ಲ, ಕೆಲವೇ ಜಾತಿಯವು ಎಂಬುದು ಗೊತ್ತಾಗುತ್ತದೆ. ಮುಖ್ಯವಾದ ಜಾತಿಯೊಂದನ್ನು ನಮ್ಮ ನ್ಯಾಯಶಾಸ್ತ್ರಜ್ಞರು ಬಹು ಹಿಂದೆಯೇ ಗುರುತಿಸಿದ್ದರು. ಹೊಗೆಯಿದ್ದಲ್ಲಿ ಬೆಂಕಿಯಿದೆ, ಇದು ಸರಿ. ಬೆಂಕಿಯಿದ್ದಲ್ಲಿ ಹೊಗೆಯಿದೆ ಎಂದರೆ? ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ಅವರು ಮುಂದಿಡುತ್ತಾರೆ: ಅಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆ ಸೇರಿದಾಗ ಮಾತ್ರ ಬೆಂಕಿಯಿಂದ ಹೊಗೆ ಹೊರಡುವುದು. ಆ ಸೇರ್ಪಡೆಯನ್ನು ಅವರು 'ಉಪಾಧಿ' ಎಂದು ಕರೆದರು. ಇಂದಿನ ಪರೀಕ್ಷೆಯ ಭಾಷೆಯಲ್ಲಿ ಹೇಳುವುದಾದರೆ ಹೊಗೆಯು ಬೆಂಕಿಯನ್ನು ಸಾಧಿಸಲು ಸಾಕಾದ ಗುರುತು. ಬೆಂಕಿಯು ಹೊಗೆಗೆ ಬೇಕಾದುದು, ಆದರೆ ಸಾಲದು. ವಿದ್ಯುನ್ಮಂಡಲವು ಮುಚ್ಚಿರುವುದು ದೀಪ ಉರಿಯಲು ಬೇಕು. ಕೋಶವೇ ಸತ್ತಿದ್ದರೆ ಅಷ್ಟೇ ಸಾಲದು. 'ಬೇಕು' ಮತ್ತು 'ಸಾಕು' ಎಂಬ ಈ ಎರಡು ಅಚ್ಚಗನ್ನಡದ ಮಾತುಗಳ ಭೇದವನ್ನು ದೃಢವಾಗಿ ಹಿಡಿದವನು ಇಂತಹ ಪ್ರಶ್ನೆಗಳಲ್ಲಿ ಎಡವುವುದು ಅಪರೂಪ.

ವಾದವೊಂದಕ್ಕೆ 'ಬೇಕಾದ' ಗೃಹೀತವನ್ನು ಕೇಳಿದಾಗ ಒಂದು ಸುಲಭವಾದ ಪರೀಕ್ಷೆಯುಂಟು. ಆಯ್ಕೆಯನ್ನು ನಿಷೇಧಿಸಿ ನೋಡಿ. ನಿಷೇಧಿಸಿದೊಡನೆ ವಾದವು ಕುಸಿದರೆ ಆ ಆಯ್ಕೆಯು ಕಂಬವೇ ಸರಿ; ಕುಸಿಯದಿದ್ದರೆ ಅದು ಅಲಂಕಾರ. "ಜನರು ದೂರು ಕೊಡುವ ಪ್ರಮಾಣವು ಆ ವರ್ಷ ಹೆಚ್ಚಲಿಲ್ಲ" ಎಂಬುದನ್ನು "ಬಹಳ ಹೆಚ್ಚಿತು" ಎಂದು ತಿರುಗಿಸಿದರೆ ಮೇಲಿನ ದೀಪದ ವಾದಕ್ಕೆ ಏನಾಗುತ್ತದೆಂಬುದನ್ನು ನೋಡಿಕೊಳ್ಳಿ.

'ಕೆಲವರು', 'ಬಹುಮಂದಿ' ಎಂಬ ಮಾತುಗಳೂ ಜಾರುವ ಮೆಟ್ಟಲುಗಳು. ೪೦ ಮಂದಿಯ ತರಗತಿಯಲ್ಲಿ ೨೪ ಮಂದಿ ಸಂಗೀತ ಕಲಿಯುತ್ತಾರೆ, ೨೨ ಮಂದಿ ಚದುರಂಗ ಆಡುತ್ತಾರೆ. ಎರಡನ್ನೂ ಮಾಡುವವರು ಕನಿಷ್ಠಪಕ್ಷ ಆರು ಮಂದಿ ಇರಲೇಬೇಕು; ಏಕೆಂದರೆ ೨೪ ಮತ್ತು ೨೨ ಕೂಡಿದರೆ ೪೬. ಒಂದೇ ಗುಂಪಿನ ಬಹುಪಾಲಿನವರನ್ನು ಎರಡು ಸಲ ಹೇಳಿದಾಗ ಅವರಲ್ಲಿ ಒಬ್ಬನಾದರೂ ಎರಡರಲ್ಲಿಯೂ ಸೇರಿರುತ್ತಾನೆ. 'ಕೆಲವರು' ಎಂದು ಎರಡು ಸಲ ಹೇಳಿದಾಗ ಹೀಗೆ ಹೇಳಲು ಬರುವುದಿಲ್ಲ.

ಭಾಷೆಯ ತೊಡಕು

ನಮ್ಮ ಕನ್ನಡ ವಿದ್ಯಾರ್ಥಿಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಕ್ಲ್ಯಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದುದರಿಂದ ಭಾಷೆಯ ತಪ್ಪು ಎಷ್ಟೋ ವೇಳೆ ತರ್ಕದ ತಪ್ಪಿನ ವೇಷದಲ್ಲಿ ಬರುತ್ತದೆ. 'ಮಳೆ ಬಂದರೆ ಬೆಳೆ' ಎಂಬುದಕ್ಕೂ 'ಮಳೆ ಬಂದರೆ ಮಾತ್ರ ಬೆಳೆ' ಎಂಬುದಕ್ಕೂ ಇರುವ ಅಂತರವನ್ನು ತಿಳಿಯದ ರೈತನ ಮಗನಿಲ್ಲ. ಮೊದಲನೆಯದು ಮಳೆಯೇ ಸಾಕೆನ್ನುತ್ತದೆ. ಎರಡನೆಯದು ಮಳೆ ಬೇಕೆನ್ನುತ್ತದೆ, ಸಾಕೆನ್ನುವುದಿಲ್ಲ. ಆದರೆ ಇದನ್ನೇ ಇಂಗ್ಲಿಷಿನಲ್ಲಿ 'ಇಫ್' ಎಂದೂ 'ಓನ್ಲಿ ಇಫ್' ಎಂದೂ ಓದುವಾಗ, ಆ ಒಂದು ಚಿಕ್ಕ ಪದದ ಮೇಲೆ ಕಣ್ಣು ಹಾರಿಹೋಗುತ್ತದೆ. 'ಅನ್‌ಲೆಸ್' ಎಂಬುದು ಬಂದರೆ ಗೊಂದಲ ಇನ್ನೂ ಹೆಚ್ಚು. ಗದ್ಯಭಾಗದ ನಿಗಮನವನ್ನು ಮನಸ್ಸಿನಲ್ಲಿ ಕನ್ನಡದ ಒಂದು ವಾಕ್ಯವಾಗಿ ಹೇಳಿಕೊಂಡು ಬಳಿಕ ಆಯ್ಕೆಗಳನ್ನು ನೋಡುವುದು ಮೊದಮೊದಲು ನಿಧಾನವೆಂದು ತೋರಿದರೂ ಒಳ್ಳೆಯ ಅಭ್ಯಾಸ. ತಾಯ್ನುಡಿಯಲ್ಲಿ ಹೇಳಲಾರದ ವಾದವನ್ನು ನಾವು ಅರ್ಥಮಾಡಿಕೊಂಡಿಲ್ಲವೆಂದೇ ತಿಳಿಯಬೇಕು. ಭಾಷೆಯ ತೊಡಕನ್ನು ಬುದ್ಧಿಯ ಕೊರತೆಯೆಂದು ಭ್ರಮಿಸಿ ಹಿಂಜರಿಯುವುದು ಮಾತ್ರ ತನಗೆ ತಾನೇ ಮಾಡಿಕೊಳ್ಳುವ ಅನ್ಯಾಯ.

ಅಭ್ಯಾಸದ ಕ್ರಮ

ಗಡಿಯಾರದ ಸಂಗತಿಯನ್ನು ಎಲ್ಲರೂ ಕೇಳುತ್ತಾರೆ. ಮೊದಲ ಕೆಲವು ವಾರ ಗಡಿಯಾರವನ್ನು ದೂರವಿಡುವುದೇ ಮೇಲು. ಆಮೇಲೆ ಅವಧಿಯನ್ನು ಗೊತ್ತುಮಾಡಿ ಬಿಡಿಸುವಾಗ, ಸಂದೇಹವಿರುವ ಉತ್ತರಗಳಿಗೆ ಗುರುತು ಹಾಕಿಕೊಳ್ಳಿ. ಅವಧಿ ಮುಗಿದ ಮೇಲೆ ಸರಿಯುತ್ತರಗಳ ಪಟ್ಟಿಯನ್ನು ನೋಡದೆ, ಗುರುತು ಹಾಕಿದ ಪ್ರಶ್ನೆಗಳನ್ನು ಸಾವಕಾಶವಾಗಿ ಮತ್ತೊಮ್ಮೆ ಬಿಡಿಸಿ. ಈಗ ನಿಮಗೆ ಎರಡು ಅಂಕಗಳು ದೊರೆಯುತ್ತವೆ: ಅವಸರದ ಅಂಕ, ಸಾವಕಾಶದ ಅಂಕ. ಸಾವಕಾಶದಲ್ಲಿ ಸರಿಯಾಗಿ ಅವಸರದಲ್ಲಿ ತಪ್ಪಿದರೆ ಕೊರತೆ ವೇಗದ್ದು. ಸಾವಕಾಶದಲ್ಲಿಯೂ ತಪ್ಪಿದರೆ ಕೊರತೆ ತಿಳಿವಿನದು. ಅಲ್ಲಿ ವೇಗವನ್ನು ಎಷ್ಟು ಹೆಚ್ಚಿಸಿದರೂ ವ್ಯರ್ಥ. ಎರಡು ಚಲರಾಶಿಗಳನ್ನು ಒಟ್ಟಿಗೆ ಬದಲಿಸಬಾರದೆಂಬುದು ಪ್ರಯೋಗಶಾಸ್ತ್ರದ ಮೊದಲ ಪಾಠವಲ್ಲವೆ?

ಬಳಿಕ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ತಪ್ಪಿಗೂ ನಾಲ್ಕು ಸಾಲು ಬರೆಯಿರಿ. ವಾದದ ನಿಗಮನವೇನು? ನಾನು ಆರಿಸಿದ ತಪ್ಪು ಉತ್ತರ ನನಗೆ ಏಕೆ ಹಿಡಿಸಿತು? ಸರಿಯುತ್ತರ ಏಕೆ ಸರಿ? ಮುಂದೆ ನೆನಪಿಡಬೇಕಾದ ನಿಯಮ ಯಾವುದು? ಎರಡನೆಯ ಸಾಲು ಎಲ್ಲಕ್ಕಿಂತ ಕಷ್ಟದ್ದು. ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. "ಗಮನವಿಲ್ಲದೆ ತಪ್ಪಿತು" ಎಂದು ಬರೆದುಬಿಡುವುದು ಸೋಮಾರಿತನ. ಯಾವ ಪದದ ಮೇಲೆ ಗಮನ ತಪ್ಪಿತೆಂದು ಬರೆಯಬೇಕು. ಹತ್ತು ಪ್ರಶ್ನೆಗಳನ್ನು ಹೀಗೆ ಪರಿಶೋಧಿಸಲು ಒಂದು ಸಂಜೆ ಬೇಕಾಗಬಹುದು. ಆ ಸಂಜೆಯು ನೂರು ಪ್ರಶ್ನೆಗಳನ್ನು ಓಡಿಸಿದ ಸಂಜೆಗಿಂತ ಹೆಚ್ಚು ಫಲ ಕೊಡುತ್ತದೆಂದು ನನ್ನ ನಂಬಿಕೆ. ನಿಯಮವೂ ಉದಾಹರಣೆಯೂ ಒಂದನ್ನೊಂದು ಸಂಧಿಸುವ ಸ್ಥಳ ನಿಮ್ಮ ಸ್ವಂತ ತಪ್ಪಿಗಿಂತ ಬೇರೆಲ್ಲಿಯೂ ಇಲ್ಲ.

ಇದಕ್ಕೆ ಆಕ್ಷೇಪಣೆಯಿಲ್ಲವೆಂದಲ್ಲ. "ಉಪಾಯಗಳನ್ನು ಕಲಿತರೆ ಸಾಲದೆ? ಇಷ್ಟೊಂದು ಶ್ರಮವೇಕೆ?" ಎಂದು ಕೆಲವರು ಕೇಳುತ್ತಾರೆ. 'ಯಾವಾಗಲೂ', 'ಎಂದಿಗೂ' ಎಂಬ ಮಾತುಗಳಿರುವ ಆಯ್ಕೆಗಳನ್ನು ಬಿಟ್ಟುಬಿಡಿ ಎಂಬಂತಹ ಉಪಾಯಗಳು ಬಜಾರಿನಲ್ಲಿ ಹೇರಳವಾಗಿವೆ. ಗದ್ಯಭಾಗವೇ 'ಎಂದಿಗೂ' ಎಂದು ಹೇಳಿದ್ದರೆ ಈ ಉಪಾಯವು ಸರಿಯುತ್ತರವನ್ನೇ ಹೊರದೂಡುತ್ತದೆ. ಪ್ರಶ್ನೆ ರಚಿಸುವವರಿಗೂ ಇಂತಹ ಉಪಾಯಗಳು ತಿಳಿದಿವೆಯೆಂಬುದನ್ನು ಮರೆಯಬಾರದು. ಇನ್ನು ಕೆಲವರು, ಇದೆಲ್ಲ ಒಂದು ದಿನದ ಪರೀಕ್ಷೆಗಾಗಿ ತಾನೆ ಎನ್ನುತ್ತಾರೆ. ಪರೀಕ್ಷೆಯು ಒಂದು ದಿನದ್ದು, ನಿಜ. ಆದರೆ 'ದಾಖಲಾದುದು ಹೆಚ್ಚಿತು, ಆದುದರಿಂದ ನಡೆದುದೂ ಹೆಚ್ಚಿತು' ಎಂಬ ವಾದವು ಪತ್ರಿಕೆಯಲ್ಲಿಯೂ ವೇದಿಕೆಯಲ್ಲಿಯೂ ಜಾಹೀರಾತಿನಲ್ಲಿಯೂ ದಿನದಿನವೂ ನಮ್ಮ ಮುಂದೆ ಬರುತ್ತದೆ. ವಕೀಲರಾಗದವರೂ ಅದಕ್ಕೆ ಮೋಸಹೋಗದಿರಬೇಕು.

ಆ ವಿದ್ಯಾರ್ಥಿನಿಯ ಮಾತನ್ನು ಹೇಳಿ ಮುಗಿಸುತ್ತೇನೆ. ಅವಳು ತಪ್ಪುಗಳ ನೋಟ್‌ಬುಕ್ಕನ್ನು ಬರೆಯತೊಡಗಿದಳು. ಮೊದಲ ಮೂವತ್ತು ತಪ್ಪುಗಳನ್ನು ವಿಂಗಡಿಸಿದಾಗ ಅರ್ಧಕ್ಕಿಂತ ಹೆಚ್ಚಿನವು 'ಬೇಕು' 'ಸಾಕು'ಗಳನ್ನು ಅದಲುಬದಲು ಮಾಡಿದವುಗಳೇ ಆಗಿದ್ದುವು. ಇಷ್ಟು ತಿಳಿದೊಡನೆ ಅವಳ ಮುಖದಲ್ಲಿ ಕಂಡ ಸಮಾಧಾನ ನನಗೆ ಇನ್ನೂ ನೆನಪಿದೆ. ಇಲ್ಲದ ಬುದ್ಧಿಯನ್ನು ಎಲ್ಲಿಂದಲೋ ತರಬೇಕಾದ ಚಿಂತೆ ಹೋಗಿ, ಒಂದು ತಪ್ಪನ್ನು ತಿದ್ದುವ ಕೆಲಸ ಮಾತ್ರ ಉಳಿದಿತ್ತು. ಎರಡು ತಿಂಗಳಲ್ಲಿ ೧೩ ಎಂಬುದು ೧೯ ಆಯಿತು. ಅವಳು ಬಯಸಿದ ವಿದ್ಯಾಲಯ ಸಿಗಲಿಲ್ಲ, ಇನ್ನೊಂದು ಸಿಕ್ಕಿತು. ಈಗ ಅಲ್ಲಿ ಓದುತ್ತಿದ್ದಾಳೆ.

ಒಬ್ಬಳ ನಿದರ್ಶನದಿಂದ ಸಾರ್ವತ್ರಿಕ ನಿಯಮವನ್ನು ಹೊರಡಿಸುವುದು ಈ ಪರೀಕ್ಷೆಗಳೇ ದೋಷವೆಂದು ಎಣಿಸುವ ವಾದ. ಅದನ್ನು ನಾನು ಮಾಡಲಾರೆ. ನೀವೇ ಪ್ರಯೋಗ ಮಾಡಿ ನೋಡಿ. ಆದರೆ ಅಳತೆಗಳ ಹಾಳೆಯನ್ನು ಮಾತ್ರ ಹರಿಯಬೇಡಿ.